2003ರ ಬೋರ್ಡೋ: ಬಿಸಿಲಿನ ವರ್ಷದ ಎಂಟು ಬಾಟಲಿಗಳನ್ನು ಒಟ್ಟಿಗೆ ಸವಿಯುವ ಬಗೆ

ಒಂದೇ ವರ್ಷದ ಕೊಯ್ಲಿನ ವೈನ್‌ಗಳನ್ನು ಸಾಲಾಗಿಟ್ಟು ಸವಿದರೆ ಒಂದು ಲಾಭವಿದೆ. ಎಲ್ಲ ತೋಟಗಳೂ ಹೆಚ್ಚುಕಡಿಮೆ ಅದೇ ಹವೆಯನ್ನು ಕಂಡಿರುತ್ತವೆ. ಹಾಗಾಗಿ ಲೋಟದಿಂದ ಲೋಟಕ್ಕೆ ಕಾಣುವ ವ್ಯತ್ಯಾಸ ನೆಲದ್ದು, ತಳಿಯದ್ದು, ಮಾಡಿದವರ ಕೈಯದ್ದು. ಆದರೆ ಆ ವರ್ಷವೇ ಎಲ್ಲ ವೈನ್‌ಗಳ ಮೇಲೆ ಬಿಟ್ಟುಹೋದ ಗುರುತು ಯಾವುದು ಎಂದು ಮೊದಲು ತಿಳಿದಿರಬೇಕು. ಇಲ್ಲದಿದ್ದರೆ ವರ್ಷದ ಗುಣವನ್ನೇ ಯಾವುದೋ ಒಂದು ಶಾತೋದ (ವೈನ್ ಮಾಡುವ ತೋಟದ) ದೋಷ ಎಂದು ಬರೆದುಬಿಡುತ್ತೇವೆ. ಇದನ್ನು ಕಲಿಯಲು ಫ್ರಾನ್ಸ್‌ನ ವೈನ್ ಸೀಮೆ ಬೋರ್ಡೋದ 2003ರ ವೈನ್‌ಗಳು ಬಹಳ ಒಳ್ಳೆಯ ಪಾಠ.

ಆ ಆಗಸ್ಟ್‌ನ ಮೊದಲ ಎರಡು ವಾರ ಫ್ರಾನ್ಸ್ ಬೆಂದುಹೋಗಿತ್ತು. ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಹೋಗಿತ್ತು. ಅಷ್ಟು ಬಿಸಿಯಲ್ಲಿ ದ್ರಾಕ್ಷಿ ಬಳ್ಳಿ ನೀರು ಉಳಿಸಿಕೊಳ್ಳಲು ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಬಳ್ಳಿಯ ಕೆಲಸ ನಿಂತರೂ ಹಣ್ಣಿನೊಳಗೆ ಮೂರು ಸಂಗತಿಗಳು ನಡೆಯುತ್ತಿರುತ್ತವೆ: ನೀರು ಆರಿ ಸಕ್ಕರೆ ಗಟ್ಟಿಯಾಗುತ್ತದೆ, ಹುಳಿ ಕೊಡುವ ಮ್ಯಾಲಿಕ್ ಆಮ್ಲ ಕಡಿಮೆಯಾಗುತ್ತದೆ, ಸಿಪ್ಪೆ ಮತ್ತು ಬೀಜದಲ್ಲಿರುವ, ಒಗರು ಕೊಡುವ ಟ್ಯಾನಿನ್ ಮಾತ್ರ ಮಾಗದೆ ಹಿಂದೆ ಉಳಿಯುತ್ತದೆ. ಸಿಹಿ ಮುಂದೆ, ಹುಳಿ ಕಡಿಮೆ, ಕೊನೆಗೆ ಒಣ ಒಗರು: ಇದೇ 2003ರ ಗುರುತು. ಸಾಮಾನ್ಯವಾಗಿ ವೈನ್‌ಗೆ ಆಮ್ಲ ಸೇರಿಸಲು ಬಿಡದ ಪ್ರದೇಶಗಳಿಗೂ ಯುರೋಪಿಯನ್ ಒಕ್ಕೂಟ ಆ ವರ್ಷಕ್ಕೆಂದೇ ವಿನಾಯಿತಿ ಕೊಟ್ಟಿತ್ತು ಎಂದರೆ ಪರಿಸ್ಥಿತಿ ಅರ್ಥವಾಗುತ್ತದೆ.

ಬಾಟಲಿಗಳನ್ನು ಆರಿಸುವಾಗ ಈ ಕಾರಣಗಳನ್ನೇ ಹಿಡಿದು ಹೋಗಿ. ಬೋರ್ಡೋದ ನದಿಗಳ ಎಡದಂಡೆಯ ಊರುಗಳಲ್ಲಿ ಸೇಂತ್-ಎಸ್ತೆಫ್‌ನಿಂದ ಎರಡು, ಪೊಯಾಕ್, ಸೇಂ-ಜೂಲಿಯೆನ್, ಮಾರ್ಗೋಗಳಿಂದ ಒಂದೊಂದು, ಬಲದಂಡೆಯ ಸೇಂತ್-ಎಮಿಲಿಯೋಂನಿಂದ ಎರಡು, ಪೊಮೆರೋಲ್‌ನಿಂದ ಒಂದು. ಎಂಟು ಸಾಕು. ಹತ್ತು ದಾಟಿದರೆ ಒಗರಿಗೆ ನಾಲಿಗೆ ಜಡವಾಗುತ್ತದೆ, ಆಮೇಲೆ ಕೊಟ್ಟ ಅಂಕಗಳಿಗೆ ಬೆಲೆ ಇರುವುದಿಲ್ಲ.

ಸೇಂತ್-ಎಸ್ತೆಫ್‌ಗೆ ಎರಡು ಬಾಟಲಿ ಕೊಟ್ಟದ್ದು ಸುಮ್ಮನೆ ಅಲ್ಲ. ಅಲ್ಲಿನ ನೊರಜುಗಲ್ಲಿನ ಕೆಳಗೆ ಜೇಡಿಮಣ್ಣು ಹೆಚ್ಚು, ಅದು ನೀರು ಹಿಡಿದಿಡುತ್ತದೆ. ಪಕ್ಕದಲ್ಲೇ ಜಿರೋಂದ್ ಅಳಿವೆಯೂ ಇದೆ. ಅಲ್ಲಿನ ಶಾತೋ ಮೋಂರೋಸ್, ಕೋಸ್ ದೆಸ್ತೂರ್ನೆಲ್ ಎರಡೂ ಆ ವರ್ಷ ಗೆದ್ದದ್ದು ಹೀಗೆ. ಬರೀ ಮರಳು, ಕಲ್ಲು ಇರುವ ನೆಲದಲ್ಲಿ, ಅದರಲ್ಲೂ ಬೇರು ಆಳಕ್ಕಿಳಿಯದ ಎಳೆಯ ಬಳ್ಳಿಗಳಲ್ಲಿ, ಹಣ್ಣು ಬಾಡಿತು. ಬೇಗ ಮಾಗುವ ಮೆರ್ಲೋ ತಳಿ ನೇರ ಬಿಸಿಲಿಗೆ ಸಿಕ್ಕಿಬಿತ್ತು. ತಡವಾಗಿ ಮಾಗುವ ಕಾಬರ್ನೆ ಸೋವಿನ್ಯೋಂ ಸ್ವಲ್ಪ ಬಚಾವಾಯಿತು.

ಇವೆಲ್ಲ ಇಪ್ಪತ್ತು ವರ್ಷ ದಾಟಿದ ಬಾಟಲಿಗಳು. ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ, ಗಷ್ಟು ತಳಕ್ಕೆ ಕೂರಲಿ. ವೈನ್‌ನ ಮಟ್ಟ ಕುತ್ತಿಗೆಯೊಳಗಿದ್ದರೆ ಸರಿ, ಭುಜದ ನಡುಭಾಗಕ್ಕೆ ಇಳಿದಿದ್ದರೆ ಗಾಳಿ ಒಳಗೆ ಹೋಗಿರುವ ಸಾಧ್ಯತೆ ಹೆಚ್ಚು. ಅಂಥದಕ್ಕೆ ಬದಲಿ ಬಾಟಲಿ ಇಟ್ಟುಕೊಳ್ಳಿ. ಹಳೆಯ ಬಿರಡೆ ಮೆತ್ತಗಾಗಿರುತ್ತದೆ, ತಿರುಪು ಹಾಕಿ ಎಳೆದರೆ ನಡುವೆ ಪುಡಿಯಾಗುತ್ತದೆ. ಎರಡು ತೆಳು ಅಲಗುಗಳನ್ನು ಬಿರಡೆಯ ಪಕ್ಕಕ್ಕೆ ಇಳಿಸಿ, ತಿರುಗಿಸುತ್ತಾ ಮೇಲೆತ್ತುವ ಸಾಧನ ಉತ್ತಮ. ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಬಗ್ಗಿಸುವಾಗ ಕುತ್ತಿಗೆಯ ಹಿಂದೆ ಬೆಳಕು ಹಿಡಿಯಿರಿ. ಗಷ್ಟಿನ ಎಳೆ ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿ, ಕೊನೆಯ 30ರಿಂದ 50 ಮಿ.ಲೀ. ಬಿಟ್ಟುಬಿಡಿ. ಈ ವರ್ಷದ ವೈನ್ ಅನ್ನು ಗಂಟೆಗಟ್ಟಲೆ ಗಾಳಿಗೆ ಬಿಡಬೇಡಿ, ಉಳಿದಿರುವ ಹಣ್ಣಿನ ಘಮವೂ ಹಾರಿಹೋಗುತ್ತದೆ. ಅರ್ಧ ಗಂಟೆ ಸಾಕು.

15 ಡಿಗ್ರಿಯಲ್ಲಿ ಬಗ್ಗಿಸಿ, ಲೋಟದಲ್ಲಿ ತಾನಾಗಿ 17ಕ್ಕೆ ಬರುತ್ತದೆ. ಹುಳಿ ಕಡಿಮೆ ಇರುವ ವೈನ್ 18 ದಾಟಿತೆಂದರೆ ಮೂಗಿಗೆ ಆಲ್ಕೋಹಾಲ್ ಬಿಟ್ಟು ಬೇರೇನೂ ಸಿಗದು. ತಲೆಗೆ 50 ಮಿ.ಲೀ.ನಂತೆ ಒಂದು ಬಾಟಲಿಯಲ್ಲಿ 14 ಸುರಿತ ಸಿಗುತ್ತದೆ, ಏಳು ಮಂದಿಗೆ ಎರಡು ಸುತ್ತು. ಒಂದು ಬಾಟಲಿಯನ್ನು ಮಾತ್ರ ಎರಡು ಡಿಕ್ಯಾಂಟರ್‌ಗೆ ಹಂಚಿ, ಬೇರೆ ಬೇರೆ ಸಂಖ್ಯೆ ಕೊಟ್ಟು, ಯಾರಿಗೂ ಹೇಳದೆ ಸಾಲಿನಲ್ಲಿ ಸೇರಿಸಿ. ಒಬ್ಬರು ಅದೇ ವೈನ್‌ಗೆ ಒಮ್ಮೆ 20ಕ್ಕೆ 15, ಇನ್ನೊಮ್ಮೆ 17 ಕೊಟ್ಟರೆ, ಅವರ ಪಟ್ಟಿಯಲ್ಲಿ ಎರಡು ಅಂಕಕ್ಕಿಂತ ಕಡಿಮೆ ವ್ಯತ್ಯಾಸಕ್ಕೆ ಅರ್ಥವಿಲ್ಲ. ನನ್ನ ಮಟ್ಟಿಗೆ ಇಡೀ ಕೂಟದಲ್ಲಿ ಇದಕ್ಕಿಂತ ಮುಖ್ಯವಾದ ಪರೀಕ್ಷೆ ಬೇರೆ ಇಲ್ಲ.

ಸಾಮಾನ್ಯವಾಗಿ ಮೆರ್ಲೋ ಹೆಚ್ಚಿರುವ ಬಲದಂಡೆಯನ್ನು ಮೊದಲು ಸವಿಯುತ್ತಾರೆ. 2003ರಲ್ಲಿ ಇದನ್ನು ತಿರುವುಮುರುವು ಮಾಡಿ. ಆ ವರ್ಷದ ಸೇಂತ್-ಎಮಿಲಿಯೋಂ ಕುಡಿದ ಬಾಯಿಗೆ ಮಾರ್ಗೋ ತೆಳ್ಳಗೆ, ಬಡವಾಗಿ ಕಾಣುತ್ತದೆ. ಪಾಪ, ಅದರ ತಪ್ಪೇನೂ ಇಲ್ಲ.

ಲೋಟ ಕುಲುಕದೆ ಮೊದಲು ಮೂಸಿ. ಒದ್ದೆ ರಟ್ಟಿನ ಮುಗ್ಗಲು ವಾಸನೆ ಬಂದರೆ ಅದು ಬಿರಡೆಯಿಂದ ಬಂದ ಟಿಸಿಎ ಎಂಬ ರಾಸಾಯನಿಕದ್ದು. ಅನುಮಾನವಿದ್ದರೆ ಹತ್ತು ನಿಮಿಷ ಬಿಟ್ಟು ನೋಡಿ, ಆ ವಾಸನೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಕುದುರೆ ಲಾಯದ ವಾಸನೆ ಬ್ರೆಟನೊಮೈಸಿಸ್ ಎಂಬ ಯೀಸ್ಟ್‌ನದು. ಹುಳಿ ಕಡಿಮೆಯಾದಾಗ ಪಿಎಚ್ ಏರುತ್ತದೆ, ಪಿಎಚ್ ಏರಿದಷ್ಟೂ ವೈನ್ ಕೆಡದಂತೆ ಹಾಕುವ ಗಂಧಕದ ರಕ್ಷಣೆ ದುರ್ಬಲವಾಗುತ್ತದೆ, ಹಾಗಾಗಿ ಇಂಥ ವರ್ಷಗಳಲ್ಲಿ ಈ ಯೀಸ್ಟ್‌ಗೆ ದಾರಿ ಸುಲಭ. ಬೇಯಿಸಿದ ಪ್ಲಮ್, ಅಂಜೂರ, ಒಣದ್ರಾಕ್ಷಿಯ ಘಮ ಎಲ್ಲ ಲೋಟಗಳಲ್ಲೂ ಇರುತ್ತದೆ, ಅದು ವರ್ಷದ್ದು. ಅದನ್ನು ಬದಿಗಿಟ್ಟು ಉಳಿದದ್ದನ್ನು ಹುಡುಕಿ: ಕೆತ್ತಿದ ಪೆನ್ಸಿಲ್, ಸೀಡರ್ ಮರ, ತಂಬಾಕು, ಒದ್ದೆ ಮಣ್ಣು.

ಈಗ 10 ಮಿ.ಲೀ.ಯಷ್ಟು ಗುಟುಕು, ಬಾಯಲ್ಲಿ ಹತ್ತು ಸೆಕೆಂಡು, ಆಮೇಲೆ ಉಗಿಯಿರಿ. ನಾಲಿಗೆಯ ಬದಿಗಳಲ್ಲಿ ನೀರೂರಿದರೆ ಹುಳಿ ಜೀವಂತವಾಗಿದೆ. ಉಗಿದ ಕ್ಷಣದಿಂದ ಮನಸ್ಸಿನಲ್ಲೇ ಎಣಿಸಿ. ರುಚಿ ನಿಲ್ಲುವ ಒಂದೊಂದು ಸೆಕೆಂಡಿಗೂ ಫ್ರೆಂಚರು ಒಂದು ಕೋದಾಲಿ ಎನ್ನುತ್ತಾರೆ. ಆದರೆ ಒಟ್ಟು ಎಷ್ಟು ಹೊತ್ತು ಎಂಬುದಕ್ಕಿಂತ ಮೊದಲು ಮುಗಿದದ್ದು ಯಾವುದು ಎಂಬುದನ್ನು ಬರೆದುಕೊಳ್ಳಿ. ಐದಕ್ಕೆ ಹಣ್ಣು ಮಾಯವಾಗಿ ಹನ್ನೆರಡರವರೆಗೂ ಒಸಡು ಒಣಗಿ ಬಿಗಿಯುತ್ತಿದ್ದರೆ ಆ ವೈನ್ ಬಿಸಿಲಿಗೆ ಸೋತಿದೆ. ಎರಡೂ ಜೊತೆಜೊತೆಗೆ ಇಳಿದರೆ ನೆಲವೋ ಕೈಯೋ ಅದನ್ನು ಕಾಪಾಡಿದೆ.

ಅಂಕದ ಬಗ್ಗೆ ಜಗಳ ಬಂದೇ ಬರುತ್ತದೆ. 2004ರಲ್ಲಿ 2003ರ ಕೊಯ್ಲಿನ ಸೇಂತ್-ಎಮಿಲಿಯೋಂನ ಶಾತೋ ಪಾವಿಗೆ ಬ್ರಿಟನ್ನಿನ ವೈನ್ ವಿಮರ್ಶಕಿ ಜಾನ್ಸಿಸ್ ರಾಬಿನ್ಸನ್ 20ಕ್ಕೆ 12 ಕೊಟ್ಟರು, ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಆ ವೈನ್ ಅನ್ನು ಹೊಗಳಿದರು. ಇಬ್ಬರಿಗೂ ಕಂಡದ್ದು ಅದೇ ಅತಿ ಮಾಗಿದ ಹಣ್ಣು, ಅದಕ್ಕೆ ಕಟ್ಟಿದ ಬೆಲೆ ಮಾತ್ರ ಬೇರೆ ಎಂದು ನನಗನ್ನಿಸುತ್ತದೆ. ಆದ್ದರಿಂದ ಹಾಳೆಯಲ್ಲಿ ಕಂಡದ್ದಕ್ಕೆ ಒಂದು ಅಂಕಣ, ಇಷ್ಟಕ್ಕೆ ಇನ್ನೊಂದು ಇರಲಿ. ಬರೆದು ಮುಗಿಯುವವರೆಗೆ ಯಾರೂ ಮಾತಾಡಕೂಡದು.

ಒಂದು ಗಂಟೆ ಬಿಟ್ಟು ಎರಡನೇ ಸುತ್ತನ್ನು ಹಿಂದುಮುಂದಾಗಿ, ಕೊನೆಯ ಲೋಟದಿಂದ ಮೊದಲ ಲೋಟಕ್ಕೆ ಮಾಡಿ. ಮೇಲೆದ್ದ ವೈನ್ ಯಾವುದು, ಕುಸಿದದ್ದು ಯಾವುದು ನೋಡಿದ ಮೇಲೆ ಯಾವ ಸಂಖ್ಯೆ ಯಾವ ವೈನ್ ಎಂದು ಬಿಚ್ಚಿಹೇಳಿ. ಹಣ್ಣು ಮೊದಲು ಮುಗಿದ ವೈನ್‌ನ ಬಾಟಲಿ ಮನೆಯಲ್ಲಿ ಇನ್ನೂ ಇದ್ದರೆ ಈ ವರ್ಷವೇ ಕುಡಿದುಬಿಡಿ. ಆ ಒಗರು ಕರಗುವಷ್ಟು ಕಾಲ ಕಾಯಲು ಅದರಲ್ಲಿ ಹಣ್ಣು ಉಳಿದಿಲ್ಲ.