ಗಂಡನ ಸಹಿ ಬೇಕೇ ಬೇಕಾ?

"ಸಿಸ್ಟರ್, ಒಂದ್ ವಿಷಯ ಕೇಳ್ಬೇಕಿತ್ತು" ಅಂತ ಯಾರಾದರೂ ದನಿ ತಗ್ಗಿಸಿದರೆ ಮುಂದಿನ ಪ್ರಶ್ನೆ ನನಗೆ ಗೊತ್ತಿರುತ್ತದೆ. ಮದುವೆ ಮನೆಯಲ್ಲಿ ಕೈ ತೊಳೆಯುವಾಗ ಕೇಳಿದ್ದಾರೆ, ಬಸ್ಸಲ್ಲಿ ಕೇಳಿದ್ದಾರೆ. ತಿಂಗಳು ತಪ್ಪಿದೆ, ಈಗ ಬೇಡ, ತೆಗೆಸೋಕೆ ಗಂಡನ ಸಹಿ ಬೇಕೇ ಬೇಕಾ?

ಬೇಡ. 18 ತುಂಬಿದವಳಾದರೆ ಅವಳ ಒಪ್ಪಿಗೆ ಸಾಕು. ಗಂಡ, ಅತ್ತೆ, ಅಪ್ಪ ಯಾರ ಸಹಿಯೂ ಬೇಡ. ಇದು ಹೊಸದೇನಲ್ಲ, ಗರ್ಭಪಾತದ ಕಾನೂನು, ಅಂದರೆ 1971ರ ಎಂಟಿಪಿ ಕಾಯ್ದೆಯಲ್ಲೇ ಇದೆ. ಡಾಕ್ಟರ್ ಒಪ್ಪಬೇಕು ಅನ್ನೋದು ನಿಜ, ಕಾರಣ ಹೇಳಬೇಕು. ಕಾಪರ್ ಟಿ, ಕಾಂಡೋಮ್ ಕೈಕೊಟ್ಟಿತು ಅನ್ನೋದೂ ಕಾಯ್ದೆ ಒಪ್ಪುವ ಕಾರಣವೇ. 2021ರ ತಿದ್ದುಪಡಿಯಲ್ಲಿ ಆ ಸಾಲಿನಲ್ಲಿದ್ದ 'ಗಂಡ' ಹೋಗಿ 'ಸಂಗಾತಿ' ಬಂತು. ಮದುವೆ ಆಗದವರಿಗೂ ಅನ್ವಯ. 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು.

ಮತ್ತೆ ಆಸ್ಪತ್ರೆಯವರು ಯಾಕೆ ಕೇಳ್ತಾರೆ? ಇದಕ್ಕೆ ನಾನು ತಲೆ ತಗ್ಗಿಸಿಯೇ ಉತ್ತರ ಹೇಳಬೇಕು.

ಕೆಲವು ವರ್ಷದ ಹಿಂದೆ ನಾನಿದ್ದ ನರ್ಸಿಂಗ್ ಹೋಮಿಗೆ ಒಬ್ಬಳು ಬಂದಳು. ಎರಡು ಮಕ್ಕಳು, ಚಿಕ್ಕದು ಇನ್ನೂ ಹಾಲು ಕುಡಿಯುತ್ತಿತ್ತು. ಸ್ಕ್ಯಾನಲ್ಲಿ ಆರು ವಾರ. ಮಾತ್ರೆಯಲ್ಲೇ ಮುಗಿಯುವ ಕೆಲಸ. ಫಾರ್ಮ್ ಕೊಟ್ಟೆ. ನಿಧಾನಕ್ಕೆ ಹೆಸರು ಬರೆದು, ಕೆಳಗೆ ಬಂದು, 'ಪತಿಯ ಸಹಿ' ಅನ್ನೋ ಗೆರೆಯ ಹತ್ತಿರ ಪೆನ್ನು ನಿಲ್ಲಿಸಿದಳು. ಗಂಡ ಲಾರಿ ಡ್ರೈವರ್, ಲೋಡ್ ತಗೊಂಡು ಪುಣೆ ಕಡೆ ಹೋಗಿದ್ದ. ಹೋಗಿ ಮುಗಿಸ್ಕೊಂಡು ಬಾ ಅಂತ ಕಳಿಸಿದವನೇ ಅವನು. ಕೌಂಟರಿನಲ್ಲಿ "ಸಹಿ ಇಲ್ದೆ ಆಗಲ್ಲಮ್ಮ" ಅಂದರು. ನಾನು ಪಕ್ಕದಲ್ಲೇ ಸುಮ್ನೆ ನಿಂತಿದ್ದೆ.

ಮತ್ತೆ ಬಂದಾಗ ಹತ್ತು ವಾರ ಆಗಿತ್ತು.

ಮಾತ್ರೆಗೆ ಇಲ್ಲಿ 9 ವಾರದ ಗಡುವು. ಮೊದಲು ಮಿಫೆಪ್ರಿಸ್ಟೋನ್ ಒಂದು ಮಾತ್ರೆ, ಅದು ಗರ್ಭ ಉಳಿಸಿಕೊಳ್ಳುವ ಹಾರ್ಮೋನನ್ನು ತಡೆಯುತ್ತದೆ. ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್ ನಾಲ್ಕು, ಅದರಿಂದ ಗರ್ಭಕೋಶ ಹಿಂಡಿಕೊಂಡು ಎಲ್ಲ ಹೊರಗೆ ಬರುತ್ತದೆ. ಹೊಟ್ಟೆನೋವು ಮುಟ್ಟಿನದಕ್ಕಿಂತ ಜಾಸ್ತಿ. ಇವಳಿಗೆ ಆ ಹೊತ್ತು ದಾಟಿತ್ತು. ಟೇಬಲ್ ಮೇಲೆ ಮಲಗಿಸಿ ಸಕ್ಷನ್ ಮಾಡಬೇಕಾಯಿತು, ಅಂದರೆ ನಳಿಕೆಯಿಂದ ಹೀರಿ ತೆಗೆಯೋದು. ಹೊರಗೆ ಮಗು ಅಳುತ್ತಿತ್ತು.

ಇವಳು ಕಾದಳು. ಕಾಯದವರು ಸೀದಾ ಮೆಡಿಕಲ್ ಶಾಪಿಗೆ ಹೋಗುತ್ತಾರೆ. 2015ರಲ್ಲಿ ದೇಶದಲ್ಲಿ ಸುಮಾರು 1.56 ಕೋಟಿ ಗರ್ಭಪಾತ ಆಗಿದ್ದವು, ನೂರಕ್ಕೆ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆ ನುಂಗಿ ಆದವು ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. ಹೆಚ್ಚಿನವರಿಗೆ ಏನೂ ಆಗಲ್ಲ, ಮಾತ್ರೆ ಒಳ್ಳೆಯದೇ. ಆದರೆ ಗರ್ಭ ಗರ್ಭಕೋಶದಲ್ಲಿ ಕೂರದೆ ಪಕ್ಕದ ಟ್ಯೂಬಿನಲ್ಲಿ ಕೂತಿದ್ದರೆ ಈ ಮಾತ್ರೆ ಕೆಲಸ ಮಾಡಲ್ಲ, ಟ್ಯೂಬ್ ಒಡೆದರೆ ಜೀವಕ್ಕೇ ಕುತ್ತು. ತೋರಿಸಿಕೊಂಡು ತಗೊಳ್ಳಿ ಅನ್ನೋದು ಅದಕ್ಕೇ. ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ತೊಯ್ದು, ಹಾಗೇ ಎರಡು ಗಂಟೆ ಹೋದರೆ ಆಸ್ಪತ್ರೆಗೆ ಓಡಿ. ನಾಚಿಕೆ ಆಮೇಲೆ ನೋಡಿಕೊಳ್ಳೋಣ.

"ನಾಳೆ ಗಂಡ ಬಂದು ಕೇಸ್ ಹಾಕಿದ್ರೆ?" ಅನ್ನೋದು ಆಸ್ಪತ್ರೆಯವರ ಭಯ. ಒಬ್ಬ ಹಾಕಿದ್ದ, ಹೆಂಡತಿಯ ಮೇಲೂ ಡಾಕ್ಟರ ಮೇಲೂ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಗಂಡನ ಒಪ್ಪಿಗೆ ಬೇಕಿಲ್ಲ ಅಂತು, 2017ರಲ್ಲಿ ಸುಪ್ರೀಂ ಕೋರ್ಟೂ ಅವನ ಮೇಲ್ಮನವಿ ತಳ್ಳಿಹಾಕಿತು. ವಿಚ್ಛೇದನದ ಕೋರ್ಟಿನಲ್ಲಿ ಗಂಡ ಇದನ್ನೇ ಎತ್ತಬಹುದು, ಅದು ಬೇರೆ ಜಗಳ. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು (ಒಬ್ಬರು ನಮ್ಮ ಕೊಡಗಿನ ಬೋಪಣ್ಣ) ಇನ್ನೂ ಬಿಡಿಸಿ ಹೇಳಿದರು: ಮನೆಯವರ ಒಪ್ಪಿಗೆ ಕೇಳೋದು ಕಾನೂನಿನಲ್ಲಿಲ್ಲದ ಷರತ್ತು.

ಆ ತೀರ್ಪಿನ ಸುದ್ದಿ ಇದ್ದ ಪೇಪರ್ ಹಿಡಿದು ನಮ್ಮ ಡಾಕ್ಟರ ಹತ್ತಿರ ಹೋದೆ. ಈ ಗೆರೆ ಎಲ್ಲಿಂದ ಬಂತು ಸರ್? ಅವರು ಫಾರ್ಮ್ ತಿರುಗಿಸಿ ನೋಡಿ ನಕ್ಕರು. ಸಿಸೇರಿಯನ್ ಫಾರ್ಮ್ ನೋಡಿಕೊಂಡು ಪ್ರೆಸ್ಸಿನವನು ಹಾಕಿಬಿಟ್ಟಿದ್ದನಂತೆ. "ಇನ್ನೂ ಮೂರು ಬಂಡಲ್ ಇದೆ ಸಿಸ್ಟರ್, ಖಾಲಿ ಆಗ್ಲಿ" ಅಂದರು.

ಖಾಲಿ ಆಗೋವರೆಗೆ, ಡ್ಯೂಟಿಗೆ ಬಂದ ತಕ್ಷಣ ಒಂದಷ್ಟು ಹಾಳೆ ಎಳೆದುಕೊಂಡು ಆ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೀಟು ಹಾಕುತ್ತಿದ್ದೆ.