ಒಟ್ಟು ಲೆಕ್ಕ ಸರಿಯಿದ್ದೂ ಕರಗುವ ನೆನಪು: ರೋಗನಿರೋಧಕ ಸ್ಮೃತಿಯ ಮಾದರಿ, ನಾಲ್ಕನೆಯ ಟಿಪ್ಪಣಿ

ಕಳೆದ ಟಿಪ್ಪಣಿಯ ಹೊತ್ತಿಗೆ ನನ್ನ ಮಾದರಿಯಲ್ಲಿದ್ದದ್ದು ಮೂರು ಅವಕಲ ಸಮೀಕರಣಗಳು ಮಾತ್ರ: ವೈರಾಣುವಿನ ಪ್ರಮಾಣಕ್ಕೆ ಒಂದು, ಅದನ್ನು ಎದುರಿಸುವ ಬಿ ಕೋಶಗಳಿಗೆ (ಪ್ರತಿಕಾಯಗಳ ಮೂಲವಾದ ಬಿಳಿ ರಕ್ತಕೋಶಗಳು) ಒಂದು, ಸೋಂಕು ಇಳಿದ ಮೇಲೆ ಉಳಿಯುವ ಸ್ಮೃತಿಕೋಶಗಳಿಗೆ ಇನ್ನೊಂದು. ಸ್ಮೃತಿಕೋಶಗಳು ಇಮ್ಮಡಿಸುವ ದರವನ್ನೂ ಸಾಯುವ ದರವನ್ನೂ ಸಮ ಮಾಡಿದೊಡನೆ ಅವುಗಳ ಸಂಖ್ಯೆ ಅಡ್ಡಗೆರೆಯಂತೆ ಕೊನೆಯವರೆಗೂ ಸಾಗಿತು. ನೋಡಲು ಚೆನ್ನಾಗಿದ್ದರೂ ಆ ಗೆರೆಯಿಂದ ನಾನು ಹೊಸದೇನನ್ನೂ ಕಲಿಯಲಿಲ್ಲ. ನಾನು ಹಾಕಿದ್ದನ್ನೇ ಅದು ತಿರುಗಿ ಕೊಟ್ಟಿತ್ತು.

ಈ ಕೆಲಸಕ್ಕೆ ನನ್ನನ್ನು ಎಳೆದದ್ದು 1846ರ ಒಂದು ದಾಖಲೆ. ಆ ವರ್ಷ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿದಾಗ ಅಲ್ಲಿಗೆ ಹೋದ ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಲುಡ್ವಿಗ್ ಪಾನುಮ್ ಅವರು, 1781ರ ಪಿಡುಗಿನಲ್ಲಿ ದಡಾರ ಬಂದು ವಾಸಿಯಾಗಿದ್ದ ವೃದ್ಧರಿಗೆ ಈ ಸಲ ಅದು ತಗಲಲಿಲ್ಲವೆಂದು ಬರೆದಿಟ್ಟರು. ನಡುವಿನ 65 ವರ್ಷ ಆ ದ್ವೀಪಗಳಲ್ಲಿ ದಡಾರ ಹಬ್ಬಿರಲೇ ಇಲ್ಲ. ಆದ್ದರಿಂದ ಆಗಾಗ ಸೋಂಕು ತಗಲುತ್ತಿದ್ದುದರಿಂದಲೇ ನೆನಪು ಹಸಿಯಾಗಿ ಉಳಿಯಿತೆಂಬ ಸುಲಭದ ಉತ್ತರ ಇಲ್ಲಿ ಸಲ್ಲುವುದಿಲ್ಲ. ಸಾಯುತ್ತ, ಇಮ್ಮಡಿಸುತ್ತ ಇರುವ ಕೋಶಗಳ ಗುಂಪೊಂದು ಅಷ್ಟು ಕಾಲ ಒಂದೇ ವಿಷಯವನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದೇ ನನ್ನ ಪ್ರಶ್ನೆ.

ಈ ಬಾರಿ ಸಮೀಕರಣಗಳನ್ನು ಬದಿಗಿಟ್ಟು ಒಂದೊಂದು ಕೋಶವನ್ನೂ ಬಿಡಿಯಾಗಿ ಎಣಿಸುವ ಯಾದೃಚ್ಛಿಕ ಮಾದರಿಯನ್ನು ಬರೆದೆ. ಮೊದಲ ವಾರವಿಡೀ ಒಂದು ತಪ್ಪಿನ ಬೆನ್ನು ಹತ್ತುವುದರಲ್ಲೇ ಕಳೆಯಿತು. ಸೋಂಕೇ ಇಲ್ಲದ ಕಾಲದಲ್ಲಿಯೂ ಸ್ಮೃತಿಕೋಶಗಳ ಒಟ್ಟು ಸಂಖ್ಯೆ ಮೆಲ್ಲಗೆ ಏರುತ್ತಿತ್ತು. ಪ್ರತಿ ಹೆಜ್ಜೆಯಲ್ಲಿ ಹುಟ್ಟನ್ನೂ ಸಾವನ್ನೂ ಬೇರೆಬೇರೆಯಾಗಿ ಎಣಿಕೆಗೆ ಮೇಲ್ಮಿತಿಯೇ ಇಲ್ಲದ ಪಾಯ್ಸಾನ್ ಹಂಚಿಕೆಯಿಂದ ಆಯುತ್ತಿದ್ದೆನಾದ್ದರಿಂದ, ಮೂರು ಕೋಶಗಳ ಬಳಗದಲ್ಲಿ (ಒಂದೇ ಕೋಶದಿಂದ ಇಮ್ಮಡಿಸುತ್ತ ಬಂದು ಒಂದೇ ನೆನಪನ್ನು ಹೊತ್ತ ಗುಂಪೇ ಬಳಗ) ಒಮ್ಮೊಮ್ಮೆ ಐದು ಸಾವು ಬೀಳುತ್ತಿತ್ತು. ಉತ್ತರ ಮೈನಸ್ ಎರಡಾದಾಗಲೆಲ್ಲ ಅದನ್ನು ಸೊನ್ನೆಗೆ ಏರಿಸುವ ಒಂದು ಸಾಲನ್ನು ನಾನೇ ಬರೆದಿದ್ದೆ. ಹಾಗೆ ಏರಿಸಿದಷ್ಟು ಸಲವೂ ಸರಾಸರಿಗೆ ಎರಡು ಕೋಶ ಪುಕ್ಕಟೆಯಾಗಿ ಸೇರುತ್ತಿತ್ತು. ಕೊನೆಗೆ 1977ರಲ್ಲಿ ಡೇನಿಯಲ್ ಗಿಲೆಸ್ಪಿ ಅವರು ರಾಸಾಯನಿಕ ಕ್ರಿಯೆಗಳಿಗಾಗಿ ವಿವರಿಸಿದ ವಿಧಾನಕ್ಕೆ ಬದಲಾಯಿಸಿದೆ. ಅದರಲ್ಲಿ ಒಂದು ಹೊತ್ತಿಗೆ ಒಂದೇ ಘಟನೆ ನಡೆಯುವುದರಿಂದ ಋಣಸಂಖ್ಯೆಯ ಪ್ರಶ್ನೆಯೇ ಏಳುವುದಿಲ್ಲ. ನಿಧಾನವೇನೋ ಹೌದು, ಆದರೆ ಲೆಕ್ಕ ತಪ್ಪುವುದಿಲ್ಲ.

ತಪ್ಪು ತಿದ್ದಿದ ಮೇಲೆ ಒಟ್ಟು ಸಂಖ್ಯೆ ಮತ್ತೆ ಅದೇ ಅಡ್ಡಗೆರೆಗೆ ಬಂತು. ಆದರೆ ಗೆರೆಯ ಕೆಳಗೆ ನಡೆಯುತ್ತಿದ್ದುದೇ ಬೇರೆ. ತಲಾ ಹತ್ತು ಕೋಶಗಳ ನೂರು ಬಳಗಗಳೊಂದಿಗೆ ಆರಂಭಿಸಿದೆನೆಂದುಕೊಳ್ಳಿ. ಒಂದು ಕೋಶ ಸರಾಸರಿ ಒಮ್ಮೆ ಇಮ್ಮಡಿಸಲು ಹಿಡಿಯುವ ಅವಧಿಯೇ ಕಾಲದ ಅಳತೆ. ಅಂತಹ 10 ಅವಧಿ ಕಳೆಯುವಷ್ಟರಲ್ಲಿ ಸುಮಾರು 39 ಬಳಗಗಳು ಹೆಸರಿಲ್ಲದಂತೆ ಅಳಿದಿರುತ್ತವೆ, 100 ಅವಧಿ ಕಳೆದಾಗ ಉಳಿಯುವುದು ಒಂಬತ್ತೋ ಹತ್ತೋ. ಉಳಿದ ಒಂದೊಂದು ಬಳಗದಲ್ಲಿಯೂ ಸರಾಸರಿ ನೂರಕ್ಕೂ ತುಸು ಹೆಚ್ಚು ಕೋಶಗಳಿರುವುದರಿಂದ ಒಟ್ಟು ಮೊತ್ತ ಮಾತ್ರ ಸಾವಿರದ ಆಸುಪಾಸಿನಲ್ಲೇ ಇರುತ್ತದೆ. ಕಾಗದದ ಮೇಲಿನ ಸೂತ್ರವೂ ಇದನ್ನೇ ಹೇಳುತ್ತದೆ: ಕಾಲವನ್ನು ಕಾಲಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಬಳಗದ ಗಾತ್ರದ ಘಾತಕ್ಕೆ ಏರಿಸಿದರೆ ಅಳಿಯುವ ಸಂಭವನೀಯತೆ ಸಿಗುತ್ತದೆ. ಅದೇ 100 ಅವಧಿಯಲ್ಲಿ ಸಾವಿರ ಕೋಶಗಳ ಬಳಗ ಅಳಿಯುವ ಸಂಭವ ಇಪ್ಪತ್ತು ಸಾವಿರದಲ್ಲಿ ಒಂದು ಮಾತ್ರ. ಯಾವ ವೈರಾಣುವೂ ಬರದೆ, ಯಾವ ಆಯ್ಕೆಯೂ ನಡೆಯದೆ, ಬರಿಯ ಅದೃಷ್ಟದಿಂದಲೇ ಸಣ್ಣ ನೆನಪುಗಳು ಅಳಿದು ದೊಡ್ಡವು ಉಳಿಯುತ್ತವೆ. ಪಾನುಮ್ ಕಂಡ ವೃದ್ಧರ ವಿಷಯಕ್ಕೆ ಇದಿಷ್ಟೇ ಉತ್ತರವೆಂದು ನಾನು ಹೇಳುವುದಿಲ್ಲ. ಮೂಳೆಮಜ್ಜೆಯಲ್ಲಿ ಇಮ್ಮಡಿಸದೆಯೇ ವರ್ಷಗಟ್ಟಲೆ ಬದುಕಿ ಪ್ರತಿಕಾಯಗಳನ್ನು ಸುರಿಸುವ ಪ್ಲಾಸ್ಮಾ ಕೋಶಗಳು ನನ್ನ ಮಾದರಿಗೆ ಇನ್ನೂ ಬಂದಿಲ್ಲ.

ಎರಡನೆಯ ಹಂತದಲ್ಲಿ ವೈರಾಣುವಿಗೂ ಕೋಶಕ್ಕೂ ಆಕಾರ ಕೊಟ್ಟೆ. 1979ರಲ್ಲಿ ಪೆರೆಲ್ಸನ್ ಮತ್ತು ಆಸ್ಟರ್ ಅವರು ಮುಂದಿಟ್ಟ ಆಕಾರಾವಕಾಶದ ಕಲ್ಪನೆಯನ್ನು (ಆಕಾರಗಳನ್ನು ಬಿಂದುಗಳಂತೆ ಇಟ್ಟು, ಎರಡರ ಹೊಂದಿಕೆಯನ್ನು ಅವುಗಳ ನಡುವಿನ ದೂರದಿಂದ ಅಳೆಯುವುದು) ಬಹಳ ಸರಳಗೊಳಿಸಿ, ಪ್ರತಿಯೊಂದನ್ನೂ ಸೊನ್ನೆ-ಒಂದುಗಳ 20 ಸ್ಥಾನಗಳ ಸಾಲಾಗಿ ಬರೆದಿದ್ದೇನೆ. ಎಷ್ಟು ಸ್ಥಾನಗಳಲ್ಲಿ ವ್ಯತ್ಯಾಸವಿದೆಯೋ ಅಷ್ಟು ದೂರ, ದೂರ ಒಂದು ಹೆಚ್ಚಿದರೆ ಬಂಧದ ಬಲ ಅರ್ಧ. ಇಂತಹ ಸಾಲುಗಳು ಒಟ್ಟು 10,48,576. ಒಂದು ವೈರಾಣುವಿನಿಂದ ಮೂರು ಅಥವಾ ಅದಕ್ಕಿಂತ ಕಡಿಮೆ ದೂರದಲ್ಲಿರುವವು 1,351. ಅಂದರೆ ಹಿಂದೆ ಯಾವ ಸೋಂಕನ್ನೂ ಕಾಣದ ಹತ್ತು ಸಾವಿರ ಹೊಸ ಕೋಶಗಳಿದ್ದರೆ ಸುಮಾರು 13 ಮಾತ್ರ ಅದನ್ನು ಗುರುತಿಸಬಲ್ಲವು.

ಈಗ ವೈರಾಣು ನಾಲ್ಕು ಸ್ಥಾನಗಳನ್ನು ಬದಲಿಸಿಕೊಂಡು ಮರಳಿ ಬರಲಿ. ಹಳೆಯ ವೈರಾಣುವಿನಿಂದ ಒಂದೇ ದೂರದಲ್ಲಿದ್ದ ಸ್ಮೃತಿಕೋಶ ಹೊಸದರಿಂದ ಐದರಷ್ಟು ದೂರಕ್ಕೆ ಹೋಗುತ್ತದೆ, ಐದರಲ್ಲಿ ಒಂದು ಸಲ ಮಾತ್ರ ಮೂರಕ್ಕೆ ನಿಲ್ಲುತ್ತದೆ. ಮೂರರ ದೂರದ ಹೊಸ ಕೋಶಕ್ಕೆ ಹೋಲಿಸಿದರೆ ಐದರ ದೂರದ ಕೋಶದ ಬಲ ಕಾಲುಭಾಗ. ಆದರೆ ಅವು 500 ಇದ್ದರೆ ಆ 13 ಹೊಸ ಕೋಶಗಳ ಎದುರು 125 ಕೋಶಗಳ ತೂಕ. ಪ್ರತಿಜನಕವೆಲ್ಲ, ಅಂದರೆ ಕೋಶಗಳು ಗುರುತಿಸಿ ಹಿಡಿಯುವ ವೈರಾಣುವಿನ ಅಂಶವೆಲ್ಲ, ಹಳಬರ ಪಾಲಾಗಿ ಹೊಸಬರು ಬೆಳೆಯುವುದೇ ಇಲ್ಲ. ಇನ್‌ಫ್ಲುಯೆಂಜಾ ವಿಷಯದಲ್ಲಿ ಥಾಮಸ್ ಫ್ರಾನ್ಸಿಸ್ ಅವರು 1960ರಲ್ಲಿ ‘ಪ್ರತಿಜನಕದ ಮೂಲಪಾಪ’ ಎಂದು ಕರೆದದ್ದು ಇದೇ ಬಗೆಯ ವರ್ತನೆಯನ್ನು. ಹೆಸರು ಕೊಂಚ ಕಠೋರವೆನಿಸುತ್ತದೆ; ನನ್ನ ಮಾದರಿಯಲ್ಲಿ ಅದು ಪಾಪವೇನಲ್ಲ, ಬರಿಯ ತಲೆ ಎಣಿಕೆ.

ಹಾಗಾದರೆ ಹಳೆಯ ವೈರಾಣುವಿಗೆ ಅಷ್ಟೊಂದು ಹೊಂದದ ಕೋಶಗಳನ್ನೂ ಉಳಿಸಿಕೊಂಡರೆ ಲಾಭವೇ ಎಂದು ನೋಡಿದೆ. ದೇಹದಲ್ಲಿ ಹೆಚ್ಚಿನ ಸ್ಮೃತಿಕೋಶಗಳು ಬಿ ಕೋಶಗಳು ಇನ್ನಷ್ಟು ಬಿಗಿಯಾಗಿ ಹಿಡಿಯಲು ಪಳಗುವ ತಾಣವಾದ ಜರ್ಮಿನಲ್ ಸೆಂಟರಿನಿಂದ ಬೇಗನೆ, ಇನ್ನೂ ಪೂರ್ತಿ ಪಳಗದೆಯೇ ಹೊರಬರುತ್ತವೆ, ಬಿಗಿಯಾಗಿ ಹಿಡಿಯುವ ಪ್ಲಾಸ್ಮಾ ಕೋಶಗಳು ಆಮೇಲೆ. ಮೂರರ ದೂರದ ಸ್ಮೃತಿಕೋಶ ಬದಲಾದ ವೈರಾಣುವಿನಿಂದ ಸರಾಸರಿ 5.8 ದೂರದಲ್ಲಿರುತ್ತದೆ, ಒಂದರ ದೂರದ್ದು 4.6 ಮಾತ್ರ. ಸರಾಸರಿಯನ್ನು ನಂಬಿ ಈ ಪ್ರಯೋಗವನ್ನು ಅಲ್ಲಿಗೇ ಕೈಬಿಡುವುದರಲ್ಲಿದ್ದೆ. ಆಮೇಲೆ ಪೂರ್ತಿ ಹಂಚಿಕೆಯನ್ನು ಬಿಡಿಸಿ ನೋಡಿದಾಗ, ಮೂರರ ದೂರದವುಗಳಲ್ಲಿ 285ಕ್ಕೆ ಒಂದು ಕೋಶ ಹೊಸ ವೈರಾಣುವಿನಿಂದ ಒಂದೇ ಒಂದು ಸ್ಥಾನದಷ್ಟು ದೂರದಲ್ಲಿರುವುದು ಕಂಡಿತು. ಚೆನ್ನಾಗಿ ಪಳಗಿದ ಕೋಶಕ್ಕೆ ಅಷ್ಟು ಹತ್ತಿರ ಬರಲು ಸಾಧ್ಯವೇ ಇಲ್ಲ.

ತೊಡಕು ಇರುವುದು ಇಲ್ಲಿಯೇ: ಆ ಒಂದು ಕೋಶ ಸಣ್ಣ ಬಳಗಕ್ಕೆ ಸೇರಿದ್ದರೆ, ವೈರಾಣು ಮರಳುವ ಮೊದಲೇ ಅಳಿದಿರುವ ಸಂಭವವೇ ಹೆಚ್ಚು. ಆದ್ದರಿಂದ ಈಗ ಎರಡು ಹಂತಗಳನ್ನೂ ಜೋಡಿಸಿ, ಕೋಶಗಳು ಹೊರಬರುವ ಸಮಯವನ್ನೂ ಎರಡು ಸೋಂಕುಗಳ ನಡುವಿನ ಅಂತರವನ್ನೂ ಬದಲಿಸುತ್ತ ಓಡಿಸುತ್ತಿದ್ದೇನೆ. ಒಟ್ಟು ಕೋಶಸಂಖ್ಯೆಯ ನಕ್ಷೆಯನ್ನು ತೆಗೆದುಹಾಕಿ, ಉಳಿದ ಬಳಗಗಳ ಎಣಿಕೆಯನ್ನೂ ಹೊಸ ವೈರಾಣುವಿಗೆ ಅತಿ ಸಮೀಪದ ಕೋಶದ ದೂರವನ್ನೂ ಬರೆದಿಡುತ್ತಿದ್ದೇನೆ. ಗಿಲೆಸ್ಪಿ ವಿಧಾನದ ನಿಧಾನ ಈಗ ನಿಜಕ್ಕೂ ಕಾಡುತ್ತಿದೆ. ಒಂದು ಸುತ್ತಿಗೆ ಇಡೀ ರಾತ್ರಿ ಬೇಕು. ಪ್ಲಾಸ್ಮಾ ಕೋಶಗಳ ಸರದಿ ಇದಾದ ಮೇಲೆ.