ಗೋಮುಖಕ್ಕೆ ಹೋಗುವವರು ಭೋಜಬಾಸಾದಲ್ಲಿ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ

ಗಂಗೋತ್ರಿಯಿಂದ ಗೋಮುಖಕ್ಕೆ, ಅಂದರೆ ಗಂಗೋತ್ರಿ ಹಿಮನದಿಯ ತುದಿಗೆ, ಸುಮಾರು 18 ಕಿ.ಮೀ. ನಡಿಗೆ. ಬಹಳ ಜನ ಹಿಮನದಿಯ ತುದಿಯನ್ನು ನೋಡಿ, ಒಂದೆರಡು ಫೋಟೋ ತೆಗೆದು, ಅದೇ ದಿನ ಕೆಳಗೆ ಓಡುತ್ತಾರೆ. ನನ್ನ ಮಟ್ಟಿಗೆ ಈ ದಾರಿಯಲ್ಲಿ ನೋಡಲೇಬೇಕಾದದ್ದು ಆ ತುದಿಗಿಂತ ಅದರ ಮುಂಚಿನ 4 ಕಿ.ಮೀ. ಹಿಮನದಿ ಹಿಂದೆ ಸರಿಯುತ್ತಾ ಬಿಟ್ಟುಹೋದ ನೆಲ ಅದು. ಏನನ್ನು ನೋಡಬೇಕು ಅಂತ ಗೊತ್ತಿದ್ದರೆ ಆ ದಾರಿ ಮುಗಿಸೋಕೆ ಅರ್ಧ ದಿನವೂ ಸಾಲುವುದಿಲ್ಲ.

ಮೊದಲು ಪರ್ಮಿಟ್ ವಿಷಯ. ಇದು ರಾಷ್ಟ್ರೀಯ ಉದ್ಯಾನದೊಳಗಿನ ದಾರಿ, ದಿನಕ್ಕೆ 150 ಜನರಿಗೆ ಮಾತ್ರ ಅನುಮತಿ. ಮೇ–ಜೂನ್ ತಿಂಗಳಲ್ಲಿ ಬೇಗ ತುಂಬಿಹೋಗುತ್ತದೆ, ಹಾಗಾಗಿ ಊರಿಂದ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಗುರುತಿನ ಚೀಟಿಯ ಜೆರಾಕ್ಸ್ ಒಂದೆರಡು ಜಾಸ್ತಿ ಇರಲಿ. ಗಂಗೋತ್ರಿಯೇ 3,000 ಮೀಟರ್ ದಾಟಿದ ಜಾಗ. ಬೆಂಗಳೂರಿನಿಂದ ಡೆಹ್ರಾಡೂನ್‌ಗೆ ಹಾರಿ, ಕಾರಿನಲ್ಲಿ ಸೀದಾ ಬಂದು ಮರುದಿನವೇ ನಡೆಯಲು ಶುರು ಮಾಡಿದರೆ ತಲೆನೋವು ಹಿಡಿಯುತ್ತದೆ. ಒಂದು ರಾತ್ರಿಯಾದರೂ ಅಲ್ಲೇ ಉಳಿದು ಮೈ ಒಗ್ಗಿಸಿಕೊಳ್ಳಿ.

ಗಂಗೋತ್ರಿಯಿಂದ ದಾರಿಯಲ್ಲಿ ಸಿಗುವ ಚೀಡಬಾಸಾಗೆ 9 ಕಿ.ಮೀ., ಭೋಜಬಾಸಾಗೆ 14 ಕಿ.ಮೀ. ಭಾಗೀರಥಿ ನದಿ ಉದ್ದಕ್ಕೂ ನಿಮ್ಮ ಬಲಗಡೆಯೇ ಇರುತ್ತದೆ. ಚೀಡಬಾಸಾ ದಾಟಿದ ಮೇಲೆ ಕಲ್ಲು ಉರುಳುವ ಜಾಗಗಳಿವೆ. ಅಲ್ಲಿ ಕೂತು ಸುಧಾರಿಸಿಕೊಳ್ಳಬೇಡಿ, ಮಾತಾಡದೆ ದಾಟಿಬಿಡಿ. ಮೇಲೆ ಮೇಯುವ ಕಾಡುಕುರಿಗಳ ಕಾಲಿಗೆ ಸಿಕ್ಕ ಕಲ್ಲೂ ಕೆಳಗೆ ಬರುತ್ತದೆ.

ಭೋಜಬಾಸಾದಲ್ಲಿ ಉಳಿಯಲು ಸರ್ಕಾರಿ ಬಂಗಲೆ ಇದೆ, ಆಶ್ರಮವೂ ಇದೆ. ಒಂದು ರಾತ್ರಿಯ ಬದಲು ಎರಡು ರಾತ್ರಿ ಉಳಿದರೆ ಒಳ್ಳೆಯದು. ಬೆಳಗಿನ ಜಾವ ಹೊರಟು ನಿಧಾನ ನಡೆಯಿರಿ. ಕಣಿವೆಯ ಎರಡೂ ಬದಿಯಲ್ಲಿ ಬೂದುಬಣ್ಣದ ಉದ್ದ ದಿಣ್ಣೆಗಳು ಕಾಣುತ್ತವೆ. ಇವೇ ಮೊರೇನ್. ಹಿಮನದಿ ಬೆಟ್ಟದಿಂದ ಕಿತ್ತು ತಂದ ಕಲ್ಲುಮಣ್ಣನ್ನು ತನ್ನ ಅಂಚಿನಲ್ಲಿ ಪೇರಿಸುತ್ತಾ ಹೋಗುತ್ತದೆ. ಐಸ್ ಕರಗಿ ಕುಗ್ಗಿದಾಗ ಆ ರಾಶಿ ಗೋಡೆಯಾಗಿ ಉಳಿಯುತ್ತದೆ. ಗೋಡೆಯ ನೆತ್ತಿ ನೋಡಿದರೆ ಸಾಕು, ಹಿಂದೆ ಐಸ್ ಎಷ್ಟು ಎತ್ತರಕ್ಕಿತ್ತು ಅಂತ ಅಂದಾಜು ಸಿಗುತ್ತದೆ.

ದಾರಿಯ ಪಕ್ಕ ದಿಣ್ಣೆ ಕೊರೆದಿರುವ ಕಡೆ ಹತ್ತಿರದಿಂದ ನೋಡಿ. ಹಳೇ ಮನೆ ಕೆಡವಿದ ಸಾಮಾನನ್ನು ಲಾರಿ ಸುರಿದು ಹೋದ ಹಾಗಿರುತ್ತದೆ. ಆಳೆತ್ತರದ ಬಂಡೆ, ಅದರ ಪಕ್ಕ ಮುಷ್ಟಿಯಷ್ಟು ಕಲ್ಲು, ಇವುಗಳ ನಡುವೆ ಬೆರಳಿಗೆ ಅಂಟುವಷ್ಟು ನುಣ್ಣನೆಯ ಪುಡಿ, ಎಲ್ಲಾ ಒಟ್ಟಿಗೆ. ಕಲ್ಲುಗಳ ಅಂಚು ಇನ್ನೂ ಚೂಪಾಗಿರುತ್ತದೆ. ಆಮೇಲೆ ಕೆಳಗೆ ಹೊಳೆಯ ದಂಡೆ ನೋಡಿ. ಅಲ್ಲಿ ಕಲ್ಲುಗಳು ಉರುಟಾಗಿ, ಮರಳು ಒಂದು ಕಡೆ ಜಲ್ಲಿ ಒಂದು ಕಡೆ ಬೇರೆಬೇರೆಯಾಗಿ ಬಿದ್ದಿರುತ್ತವೆ. ನೀರು ಆರಿಸಿ ಇಡುತ್ತದೆ, ಐಸ್‌ಗೆ ಆ ಗೋಜಿಲ್ಲ. ಈ ಒಂದು ವ್ಯತ್ಯಾಸ ಗೊತ್ತಾದರೆ ಇಡೀ ಕಣಿವೆಯಲ್ಲಿ ಯಾವುದು ಯಾರ ಕೆಲಸ ಅಂತ ನೀವೇ ಹೇಳಬಹುದು.

ಗಿಡಗಳನ್ನೂ ಗಮನಿಸಿ. ಭೋಜಬಾಸಾ ಸುತ್ತಲಿನ ಹಳೆಯ ಮೊರೇನ್‌ಗಳು ಸುಮಾರು 200–300 ವರ್ಷ ಹಿಂದಿನವು ಅಂತ ವಿಜ್ಞಾನಿಗಳ ಅಂದಾಜು. ಅವುಗಳ ಮೇಲೆ ಹುಲ್ಲು, ಕುರುಚಲು ಗಿಡ ಹಿಡಿದಿವೆ. ಮುಂದೆ ಹೋದಂತೆ ಹಸಿರು ಕಮ್ಮಿಯಾಗಿ, ತುದಿಯ ಹತ್ತಿರ ಬರೀ ಬೋಳು ಕಲ್ಲು. ಐಸ್ ಬಿಟ್ಟುಹೋಗಿ ಕೆಲವೇ ವರ್ಷವಾದ ನೆಲ ಅದು. 1935ರಲ್ಲಿ ಭೂವಿಜ್ಞಾನಿ ಜೆ.ಬಿ. ಆಡೆನ್ ಈ ಹಿಮನದಿಯ ತುದಿಯನ್ನು ಅಳೆದು ನಕ್ಷೆ ಮಾಡಿದ್ದರು. ಅಲ್ಲಿಂದ ಈಚೆಗೆ ಅದು ಒಂದೂವರೆ ಕಿ.ಮೀ.ಗೂ ಜಾಸ್ತಿ ಹಿಂದೆ ಸರಿದಿದೆ. ಅಂದರೆ ನಡಿಗೆಯ ಕೊನೆಯ ಭಾಗದಲ್ಲಿ ನಿಮ್ಮ ಬಲಕ್ಕೆ ಕಾಣುವ ಕಣಿವೆಯ ತಳ ನಮ್ಮ ಅಜ್ಜಂದಿರ ಕಾಲದಲ್ಲಿ ಐಸ್ ಅಡಿ ಇತ್ತು. ಓದಿದ್ದು ಬೇರೆ, ಆ ದೂರವನ್ನು ಕಾಲಲ್ಲಿ ನಡೆದು ಅಳೆದಾಗ ನನಗೆ ಆದ ಸಂಕಟವೇ ಬೇರೆ.

ಗೋಮುಖ ಬೆಳ್ಳಗೆ ಹೊಳೆಯುತ್ತದೆ ಅಂದುಕೊಂಡು ಹೋಗಬೇಡಿ. ಹಿಮನದಿಯ ಮೈಮೇಲೆಲ್ಲಾ ಕಲ್ಲುಮಣ್ಣು ಹೊದ್ದುಕೊಂಡಿದೆ. ತುದಿಯಲ್ಲಿ ಮಾತ್ರ ಬೂದು-ನೀಲಿ ಗೋಡೆ, ಅದರಡಿಯಿಂದ ನೀರು. ಹತ್ತಿರ ಹೋಗುವ ಆಸೆ ಖಂಡಿತ ಬೇಡ. 2016ರಲ್ಲಿ ತುದಿಯ ದೊಡ್ಡ ಭಾಗವೇ ಮುರಿದು ಬಿದ್ದಿತ್ತು. ಮೊರೇನ್ ಏಣಿನ ಮೇಲೂ ಹತ್ತಬೇಡಿ, ಅದು ಗಟ್ಟಿ ನೆಲವಲ್ಲ. ಬಿಸಿಲೇರಿದ ಮೇಲೆ ಒಳಗಿನ ಐಸ್ ಸಡಿಲವಾಗಿ ಕಲ್ಲು ಜಾರುತ್ತದೆ. ಅದಕ್ಕೇ ಮಧ್ಯಾಹ್ನಕ್ಕೆ ಮುಂಚೆ ಭೋಜಬಾಸಾಗೆ ವಾಪಸ್ ಬಂದುಬಿಡಿ. ಗೋಮುಖ ದಾಟಿ ಮೇಲಿನ ತಪೋವನಕ್ಕೆ ಹೋಗುವವರು ಬೇರೆ ಅನುಮತಿ, ಗೈಡ್ ಎರಡೂ ಮಾಡಿಕೊಳ್ಳಿ.

ಸಂಜೆ ಒಂದು ಬಾಟಲಿಯಲ್ಲಿ ಹೊಳೆ ನೀರು ಹಿಡಿದಿಡಿ, ಕುಡಿಯೋಕಲ್ಲ. ಬೆಳಗ್ಗೆ ತಳದಲ್ಲಿ ಬೂದಿಯಂಥ ಪದರ ಕೂತಿರುತ್ತದೆ. ಐಸ್ ಬಂಡೆಯನ್ನು ಉಜ್ಜಿ ಉಜ್ಜಿ ಮಾಡಿದ ಹಿಟ್ಟು ಅದು. ಮಕ್ಕಳನ್ನು ಕರೆದೊಯ್ದರೆ ಇದನ್ನು ತಪ್ಪದೆ ತೋರಿಸಿ.

ವಾಪಸ್ ಇಳಿಯುವಾಗ ಹರ್ಸಿಲ್ ದಾಟಿ ಝಾಲಾ ಹತ್ತಿರ ಗಾಡಿ ನಿಲ್ಲಿಸಿ. ಅಲ್ಲಿವರೆಗೆ ಅಗಲವಾಗಿದ್ದ ಕಣಿವೆ ಮುಂದೆ ಇಕ್ಕಟ್ಟಾಗುತ್ತದೆ. ಸುಮಾರು 60 ಸಾವಿರ ವರ್ಷ ಹಿಂದೆ ಇದೇ ಹಿಮನದಿ ಇಲ್ಲಿವರೆಗೂ, ಅಂದರೆ ಈಗಿನ ತುದಿಯಿಂದ 40 ಕಿ.ಮೀ.ಯಷ್ಟು ಕೆಳಗೆ, ಚಾಚಿತ್ತು ಅಂತ ಅಧ್ಯಯನಗಳು ಹೇಳುತ್ತವೆ. ಇದೇ ರಸ್ತೆಯ ಧರಾಲಿ 2025ರ ಆಗಸ್ಟ್ 5ರ ಪ್ರವಾಹದಲ್ಲಿ ಕೊಚ್ಚಿಹೋದ ಊರು. ಮಳೆಗಾಲದಲ್ಲಿ ಈ ಕಡೆ ಬರಲೇಬೇಡಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಆಕಾಶ ತಿಳಿಯಾಗಿರುತ್ತದೆ, ಜನವೂ ಕಮ್ಮಿ. ಆಗಲೂ ರಸ್ತೆ ತೆರೆದಿದೆಯಾ ಅಂತ ಉತ್ತರಕಾಶಿಯಲ್ಲೇ ಕೇಳಿಕೊಂಡು ಮುಂದೆ ಹೊರಡಿ.